ಪುಟ್ಟಿ ಹಚ್ಚಿದರೆ ಗೋಡೆ ಒಣಗುವುದಿಲ್ಲ

ಶ್ರಾವಣ ಬಂತೆಂದರೆ ನಮ್ಮ ಊರುಗಳಲ್ಲಿ ಪೇಂಟರುಗಳಿಗೆ ಬಿಡುವಿಲ್ಲ. ವರಮಹಾಲಕ್ಷ್ಮಿಗೋ ಗಣೇಶನಿಗೋ ದಸರೆಗೋ ಮನೆ ಹೊಸದಾಗಿ ಕಾಣಬೇಕು. ಆಗತಾನೆ ಎರಡು ತಿಂಗಳ ಮಳೆ ಕುಡಿದ ಗೋಡೆ ಒಳಗೆಲ್ಲ ಒದ್ದೆಯಾಗಿರುತ್ತದೆ. ಬಣ್ಣ ಎದ್ದ ಜಾಗವನ್ನು ಕೆರೆದು, ಪುಟ್ಟಿ ಹಚ್ಚಿ, ಪ್ರೈಮರ್ ಬಳಿದು, ಅದರ ಮೇಲೆ ದುಬಾರಿ ಎಮಲ್ಷನ್ ಹೊಡೆಸುತ್ತಾರೆ. ಆ ಬಣ್ಣ ಗೋಡೆಯ ಮೇಲೆ ಪ್ಲಾಸ್ಟಿಕ್ ಪೊರೆಯಂತೆ ಕೂರುತ್ತದೆ. ಒಳಗಿನ ತೇವ ಹೊರಬರಲು ದಾರಿ ಕಾಣದೆ ಪೊರೆಯನ್ನೇ ಎಬ್ಬಿಸುತ್ತದೆ. ದೀಪಾವಳಿಗೆ ಗುಳ್ಳೆ, ಸಂಕ್ರಾಂತಿಗೆ ಹಕ್ಕಳೆ, ಯುಗಾದಿಗೆ ಮತ್ತೆ ಅದೇ ಕಲೆ. ಬೈಗುಳವೆಲ್ಲ ಪೇಂಟರಿಗೆ, ಬಣ್ಣದ ಕಂಪನಿಗೆ. ಈ ನೀರು ಎಲ್ಲಿಂದ ಬರುತ್ತಿದೆ ಎಂದು ಏಣಿ ಹಾಕಿ ತಾರಸಿಗೆ ಹತ್ತಿ ನೋಡಿದ ಯಜಮಾನರು ಎಷ್ಟು ಮಂದಿ?

ತಾರಸಿಯ ಇಳಿಜಾರು ತಪ್ಪಿ ನೀರು ನಿಲ್ಲುತ್ತಿರಬಹುದು. ಮಳೆನೀರಿನ ಪೈಪಿನ ಬಾಯಿಗೆ ಎಲೆ ಕಟ್ಟಿರಬಹುದು. ಪ್ಯಾರಪೆಟ್ ಗೋಡೆಯೂ ಚಾವಣಿಯೂ ಸೇರುವ ಮೂಲೆ ಬಾಯಿಬಿಟ್ಟಿರಬಹುದು. ಗೋಡೆಯ ಆಚೆ ಬಚ್ಚಲಿನ ಪೈಪು ಸೋರುತ್ತಿರಬಹುದು. ಇವುಗಳಲ್ಲಿ ಯಾವುದನ್ನೂ ಕಂಡುಹಿಡಿಯಲು ಪದವಿ ಬೇಕಿಲ್ಲ, ಒಂದು ಭಾನುವಾರ ಸಾಕು. ಆ ಭಾನುವಾರವನ್ನು ಕೊಡಲು ನಾವು ಸಿದ್ಧರಿಲ್ಲ, ಲಕ್ಷ ರೂಪಾಯಿಯ ಬಣ್ಣಕ್ಕೆ ಸಿದ್ಧರಿದ್ದೇವೆ. ಇದನ್ನು ಅಜ್ಞಾನ ಎಂದು ಕ್ಷಮಿಸಲು ನನಗೆ ಮನಸ್ಸಿಲ್ಲ. ಗೊತ್ತಿದ್ದೂ ಕಣ್ಣು ಮುಚ್ಚಿಕೊಳ್ಳುವ ಅಸಡ್ಡೆ ಇದು.

ನಮ್ಮ ಹಿರಿಯರು ಹೀಗಿರಲಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸುವುದು ಎಂಬ ಕೆಲಸವೊಂದಿತ್ತು. ಮಾಡಿನ ಮೇಲೆ ಹತ್ತಿ, ಒಡೆದ ಹೆಂಚು ತೆಗೆದು, ಜಾರಿದ್ದನ್ನು ಕೂರಿಸಿ, ಗೆದ್ದಲು ಹಿಡಿದ ರೀಪು ಬದಲಿಸಿ ಇಳಿಯುತ್ತಿದ್ದರು. ಹುಲ್ಲಿನ ಮಾಡಿಗೆ ಹೊಸ ಹೊದಿಕೆ, ಗೋಡೆಗೆ ಎರಚಲು ಬಡಿಯದಂತೆ ಅಡಿಕೆ ಸೋಗೆಯ ತಟ್ಟಿ. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಚೌಳು ಮಣ್ಣು ತಂದು ಮೇಲ್ಮುದ್ದೆಗೆ ಹರಡಿ, ತುಳಿದು ಗಟ್ಟಿ ಮಾಡುತ್ತಿದ್ದರು. ಬಡವರ ಮನೆಯಲ್ಲೂ ಇದು ತಪ್ಪುತ್ತಿರಲಿಲ್ಲ, ಏಕೆಂದರೆ ತಪ್ಪಿದರೆ ಆ ವರ್ಷವೇ ಮನೆ ಸೋರುತ್ತಿತ್ತು. ಬೀಜ, ಗೊಬ್ಬರಗಳಂತೆ ಮನೆಯ ರಿಪೇರಿಯೂ ವರ್ಷದ ಲೆಕ್ಕದೊಳಗೆ ಇತ್ತು.

ಆರ್‌ಸಿಸಿ ಬಂತು. ಅದರ ಜೊತೆಗೆ ಒಂದು ಹುಸಿ ನಂಬಿಕೆಯೂ ಬಂತು: ಮೋಲ್ಡ್ ಹಾಕಿಸಿಬಿಟ್ಟರೆ ಜೀವಮಾನಕ್ಕೆ ಚಿಂತೆಯಿಲ್ಲ. ವರ್ಷಕ್ಕೊಮ್ಮೆ ಮಾಡು ನೋಡುತ್ತಿದ್ದವರ ಮಕ್ಕಳು ಹತ್ತು ವರ್ಷಕ್ಕೊಮ್ಮೆಯೂ ತಾರಸಿ ನೋಡುವುದಿಲ್ಲ. ಮನೆಯ ದುರಸ್ತಿ ಈಗ ಮದುವೆ, ಗೃಹಪ್ರವೇಶ, ಅಮೆರಿಕದಿಂದ ಮಗ ಬರುವ ದಿನಾಂಕ ನೋಡಿಕೊಂಡು ನಡೆಯುತ್ತದೆ. ಮುಹೂರ್ತಕ್ಕೆ ಇಪ್ಪತ್ತು ದಿನ ಇರುವಾಗ ಶುರುವಾಗುವ ಕೆಲಸದಲ್ಲಿ ಗೋಡೆ ಒಣಗಲು ದಿನ ಎಲ್ಲಿದೆ, ಸಿಮೆಂಟು ಬಲಿಯಲು ದಿನ ಎಲ್ಲಿದೆ?

ಕರಾವಳಿಯವರು ಈ ವಿಷಯದಲ್ಲಿ ತಮ್ಮ ಕಣ್ಣೆದುರಿನ ಜ್ಞಾನವನ್ನೇ ಕೈಬಿಟ್ಟರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಹೊರಟ ಹೆಂಚು ದೇಶವಿದೇಶಗಳಿಗೆ ಹೋಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿಗೆ ಇಳಿಜಾರಿನ ಮಾಡಿಗಿಂತ ತಕ್ಕದ್ದು ಇಲ್ಲ. ಆದರೆ ಹೆಂಚಿನ ಮನೆ ಬಡತನದ ಗುರುತು ಎಂದು ಯಾರೋ ತಲೆಗೆ ತುಂಬಿದರು. ಗಟ್ಟಿಮುಟ್ಟಾದ ಮರದ ಪಕಾಸಿಗಳನ್ನು ಕಿತ್ತು ಮಾರಿ, ಮಟ್ಟಸ ತಾರಸಿ ಹಾಕಿಸಿದರು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸೋರಲು ತೊಡಗಿತು. ಡಾಂಬರು ಬಳಿಸಿದರು, ರಾಸಾಯನಿಕ ಹೊಡೆಸಿದರು, ನಿಲ್ಲಲಿಲ್ಲ. ಕೊನೆಗೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟಿನ ಇಳಿಜಾರು ಮಾಡು ಕಟ್ಟಿಸಿದರು. ಉಡುಪಿಯಿಂದ ಪುತ್ತೂರಿಗೆ, ಸಾಗರದಿಂದ ಶಿರಸಿಗೆ ಹೋಗುವ ದಾರಿಯಲ್ಲಿ ಎರಡೂ ಬದಿ ನೋಡಿ, ಒಂದು ಮನೆಗೆ ಎರಡೆರಡು ಚಾವಣಿ. ಅಡಿಕೆ ಒಣಗಿಸಲು ತಾರಸಿ ಬೇಕು ಎಂಬ ಸಮರ್ಥನೆಯಲ್ಲಿ ಹುರುಳಿದೆ, ಒಪ್ಪುತ್ತೇನೆ. ಹಾಗಿದ್ದರೆ ಕೊಟ್ಟಿಗೆಯ ಪಕ್ಕದ ಭಾಗಕ್ಕೆ ತಾರಸಿ ಮಾಡಿ, ವಾಸದ ಮನೆಯ ಮಾಡು ಉಳಿಸಬಹುದಿತ್ತು. ತಂದೆ ಕಟ್ಟಿದ ಚಾವಣಿಯ ಬೆಲೆ, ಅದನ್ನು ಕೆಡವಿ ಹಾಕಿದ ಸ್ಲ್ಯಾಬಿನ ಬೆಲೆ, ಸ್ಲ್ಯಾಬು ಕಾಯಲು ಹಾಕಿದ ಶೀಟಿನ ಬೆಲೆ, ಮೂರನ್ನೂ ಕೂಡಿಸಿ ನೋಡುವ ಧೈರ್ಯ ಎಷ್ಟು ಮನೆಗಳಿಗಿದೆ?

ಹಳೆಯ ಮಣ್ಣಿನ ಗೋಡೆಗೆ, ಸುಣ್ಣದ ಗಾರೆಯ ಇಟ್ಟಿಗೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವ ಹುಚ್ಚೂ ಇದೇ ಜಾತಿಯದು. ಮಣ್ಣೂ ಸುಣ್ಣವೂ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತವೆ. ಸಿಮೆಂಟು ಬಿಡುವುದಿಲ್ಲ. ತೇವ ಒಳಗೇ ನಿಂತು ಗೋಡೆಯ ಬುಡ ಪುಡಿಯಾಗುತ್ತದೆ, ಹೊರಗಿನಿಂದ ಮಾತ್ರ ನುಣ್ಣಗೆ ಕಾಣುತ್ತದೆ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯ ಹಳೆಯ ಮನೆಗಳನ್ನು ‘ಗಟ್ಟಿ ಮಾಡಲು’ ಹೋಗಿ ಹೀಗೆ ಕೆಡಿಸಿದವರಿದ್ದಾರೆ. ಆಮೇಲೆ ‘ಹಳೆ ಮನೆ, ಇನ್ನೇನು ಉಳಿಯುತ್ತೆ’ ಎಂದು ಜೆಸಿಬಿ ತರಿಸುತ್ತಾರೆ. ಆ ಮನೆ ಮುಪ್ಪಿನಿಂದ ಸತ್ತದ್ದಲ್ಲ.

ಈಗ ಕಾಂಕ್ರೀಟಿನ ವಿಷಯಕ್ಕೆ ಬರುತ್ತೇನೆ. ಹೆಚ್ಚು ಹಣ ಪೋಲಾಗುವುದು ಇಲ್ಲಿ, ಜೀವ ಹೋಗುವುದೂ ಇಲ್ಲಿ. ಸಜ್ಜಾದ ಅಡಿಯಲ್ಲಿ, ಬಚ್ಚಲ ಚಾವಣಿಯಲ್ಲಿ, ಬಾಲ್ಕನಿಯ ಅಂಚಿನಲ್ಲಿ ಗಾರೆ ಉದುರಿ ಕಂಬಿ ಕಾಣುವುದನ್ನು ಎಲ್ಲರೂ ನೋಡಿದ್ದೀರಿ. ಒಳ್ಳೆಯ ಕಾಂಕ್ರೀಟು ಕಂಬಿಯನ್ನು ಕ್ಷಾರದ ಕವಚದಲ್ಲಿಟ್ಟು ಕಾಯುತ್ತದೆ. ಬಿರುಕಿನಿಂದ ಇಳಿಯುವ ನೀರು, ಗಾಳಿಯ ಇಂಗಾಲದ ಡೈಆಕ್ಸೈಡ್, ಕಡಲ ತೀರದಲ್ಲಾದರೆ ಉಪ್ಪು, ಇವು ಆ ಕವಚವನ್ನು ಮುರಿದ ಮೇಲೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಜಾಗವಿಲ್ಲದ ಕಡೆ ಕಾಂಕ್ರೀಟನ್ನೇ ಒಡೆದು ತಳ್ಳುತ್ತದೆ. ಗಾರೆ ಉದುರಿತೆಂದರೆ ಒಳಗೆ ವರ್ಷಗಟ್ಟಲೆ ಕೊಳೆತದ್ದರ ಸುದ್ದಿ ಆಗಷ್ಟೇ ಹೊರಬಂತು ಎಂದರ್ಥ.

ನಾವು ಮಾಡಿಸುವುದೇನು? ಮೇಸ್ತ್ರಿಯನ್ನು ಕರೆದು ಅದರ ಮೇಲೆ ಸಿಮೆಂಟು ಮೆತ್ತಿಸುತ್ತೇವೆ. ತುಕ್ಕು ಒಳಗೇ ಉಳಿಯಿತು, ನೀರಿನ ದಾರಿಯೂ ಉಳಿಯಿತು. ಮುಂದಿನ ವರ್ಷ ಮೆತ್ತಿದ್ದೂ ಉದುರುತ್ತದೆ, ಈ ಸಲ ಇನ್ನೂ ಅಗಲವಾಗಿ. ಸರಿಯಾದ ಕೆಲಸ ಬೇರೆಯೇ ಇದೆ. ಮೊದಲು ನೀರು ನಿಲ್ಲಿಸಬೇಕು. ಸಡಿಲವಾದ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಒಡೆದು ತೆಗೆಯಬೇಕು. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಬೇಕು. ಸವೆದು ತೆಳುವಾದ ಕಂಬಿಗೆ ಹೊಸದನ್ನು ಜೋಡಿಸಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಅಷ್ಟು ಮಾಡುವ ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರು ಬಂದು ನೋಡಬೇಕು. ‘ಅಷ್ಟಕ್ಕೆಲ್ಲ ಇಂಜಿನಿಯರ್ ಯಾಕೆ ಸಾರ್, ನಾನು ನೂರು ಮನೆ ಕಟ್ಟಿದ್ದೀನಿ’ ಎಂಬ ಒಂದು ಮಾತಿಗೆ ಇಂಜಿನಿಯರ ಶುಲ್ಕ ಉಳಿಯಿತೆಂದು ಹಿಗ್ಗುವ ಯಜಮಾನ ಅದೇ ವಾರ ಟಿವಿ ಗೋಡೆಗೆ ಅದರ ಹತ್ತರಷ್ಟು ಸುರಿಯುತ್ತಾನೆ.

ಮೇಸ್ತ್ರಿಯನ್ನು ಬೈದು ಮುಗಿಸುವುದೂ ಸುಲಭ. ನಾನು ಹಾಗೆ ಮಾಡಲಾರೆ. ಕಾಂಕ್ರೀಟು ಕಲಸುವ ದಿನ ಅಲ್ಲಿ ಯಜಮಾನ ಇರುತ್ತಾನೆ, ಫೋಟೋ ತೆಗೆಯುತ್ತಾನೆ, ಕೆಲಸದವರಿಗೆ ಊಟ ಹಾಕಿಸುತ್ತಾನೆ. ನೀರಿನ ಲೆಕ್ಕ ಮಾತ್ರ ಕೇಳುವುದಿಲ್ಲ. ಐಎಸ್ 456 ಎಂಬ ನಮ್ಮ ರಾಷ್ಟ್ರೀಯ ಸಂಹಿತೆಯ ಪ್ರಕಾರ ಸೌಮ್ಯ ಪರಿಸ್ಥಿತಿಯಲ್ಲೂ ಕಂಬಿ ಹಾಕಿದ ಕಾಂಕ್ರೀಟಿಗೆ ನೀರು ಸಿಮೆಂಟಿನ ತೂಕದ 0.55ರಷ್ಟನ್ನು ಮೀರಬಾರದು. ಅಂದರೆ 50 ಕಿಲೋದ ಒಂದು ಮೂಟೆಗೆ 27 ಲೀಟರು ಚಿಲ್ಲರೆ, ಒದ್ದೆ ಮರಳಿನಲ್ಲಿರುವ ನೀರೂ ಸೇರಿ. ಸೈಟಿನಲ್ಲಿ ಪೈಪು ಹಿಡಿದು ಸುರಿಯುವುದನ್ನು ನೋಡಿದವರಿಗೆ ಈ ಅಂಕಿ ಎಷ್ಟು ದೂರದ್ದು ಎಂದು ಗೊತ್ತು. ಹೆಚ್ಚಾದ ನೀರು ಆವಿಯಾಗಿ ಹೋದ ಜಾಗದಲ್ಲಿ ಕೂದಲೆಳೆಯ ರಂಧ್ರಗಳು ಉಳಿಯುತ್ತವೆ, ಮುಂದೆ ಮಳೆ ಇಳಿಯುವುದು ಅವುಗಳಲ್ಲೇ. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೋ, ಸಿಕ್ಕ ಜಲ್ಲಿಕಲ್ಲು ಇಟ್ಟಿದ್ದಾರೋ ಬಗ್ಗಿ ನೋಡುವುದಿಲ್ಲ. ಕ್ಯೂರಿಂಗಿನದೂ ಇದೇ ಕಥೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ಹೊಸ ಮನೆ ಕಟ್ಟುವಾಗ ಅಷ್ಟಿಷ್ಟು ನಡೆಯುವ ಈ ಶಿಸ್ತು, ವಾಸವಿರುವ ಮನೆಯ ದುರಸ್ತಿಯಲ್ಲಿ ಪೂರ್ತಿ ಮಾಯ. ನೆಲ ಒದ್ದೆಯಾಗುತ್ತದೆ, ಸೋಫಾ ಹಾಳಾಗುತ್ತದೆ ಎಂದು ಮನೆಯವರೇ ನೀರು ಹೊಡೆಯುವುದನ್ನು ಎರಡನೆಯ ದಿನಕ್ಕೆ ನಿಲ್ಲಿಸುತ್ತಾರೆ.

ಬಚ್ಚಲು ನವೀಕರಣವನ್ನೇ ತೆಗೆದುಕೊಳ್ಳಿ. ಶೋರೂಮಿನಲ್ಲಿ ಟೈಲ್ಸು ಆರಿಸಲು ಇಡೀ ಕುಟುಂಬ ಮೂರು ದಿನ ಸುತ್ತುತ್ತದೆ. ಟೈಲ್ಸಿನ ಕೆಳಗೆ ಬರುವ ವಾಟರ್‌ಪ್ರೂಫಿಂಗ್ ಯಾವುದು, ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಹತ್ತಬೇಕು ಎಂದು ಕೇಳಲು ಮೂರು ನಿಮಿಷವಿಲ್ಲ. ಲೇಪ ಒಣಗಿದ ಮೇಲೆ ನೀರು ನಿಲ್ಲಿಸಿ ಒಂದು ದಿನ ಪೂರ್ತಿ ಬಿಟ್ಟು, ಕೆಳಗಿನ ಮನೆಯ ಚಾವಣಿ ನೋಡಿಕೊಂಡು ಆಮೇಲೆ ಟೈಲ್ಸು ಹಾಕಬೇಕು. ಕೆಲವರು ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಅಂಟಿಸಿ ಮುಗಿಸುತ್ತಾರೆ. ನಾಲ್ಕು ತಿಂಗಳಿಗೆ ಕೆಳಮನೆಯವರ ಅಡುಗೆಮನೆಯಲ್ಲಿ ತೊಟ್ಟಿಕ್ಕುತ್ತದೆ. ಹೊಸ ಟೈಲ್ಸು ಒಡೆಯಲು ಮೇಲಿನವರಿಗೆ ಮನಸ್ಸಿಲ್ಲ, ಕೆಳಗಿನವರು ಫಾಲ್ಸ್ ಸೀಲಿಂಗ್ ಹಾಕಿಸಿ ಕಲೆ ಮುಚ್ಚುತ್ತಾರೆ. ಆ ಸೀಲಿಂಗಿನ ಹಿಂದೆ ಕಂಬಿ ಕೊಳೆಯುತ್ತಿರುತ್ತದೆ, ಇನ್ನು ಯಾರ ಕಣ್ಣಿಗೂ ಬೀಳದೆ.

ಮನೆಯ ಮೇಲೆ ಮನೆ ಏರಿಸುವವರ ಬಗ್ಗೆ ಮೃದುವಾಗಿ ಹೇಳಲು ನನ್ನಲ್ಲಿ ಮಾತಿಲ್ಲ. ನೆಲಮಹಡಿ, ಮೊದಲ ಮಹಡಿಗೆಂದು ಹಾಕಿದ ಅಡಿಪಾಯದ ಮೇಲೆ ಬಾಡಿಗೆಯಾಸೆಗೆ ಇನ್ನೆರಡು ಮಹಡಿ, ಅದರ ಮೇಲೊಂದು ರೂಮು, ಅದರ ತಲೆಯ ಮೇಲೆ ನೀರಿನ ಟ್ಯಾಂಕು. ಹತ್ತು ಚದರದ ಮನೆಗೆ ಐದಿಂಚಿನ ಸ್ಲ್ಯಾಬು ಒಂದೇ ಸುಮಾರು 29 ಟನ್ ತೂಗುತ್ತದೆ. ಗೋಡೆ, ನೆಲಹಾಸು, ಸಾಮಾನು, ಜನ ಬೇರೆ. ಎರಡು ಸಾವಿರ ಲೀಟರಿನ ಟ್ಯಾಂಕು ಎರಡು ಟನ್. ಈ ಭಾರವನ್ನು ಕೆಳಗಿನ ಕಂಬ ಹೊರುತ್ತದೆಯೇ ಎಂದು ಲೆಕ್ಕ ಹಾಕಿಸದೆ ‘ಪಕ್ಕದವರು ಏರಿಸಿದ್ದಾರೆ, ಏನಾಗಿದೆ?’ ಎಂದು ಕೇಳುತ್ತಾರೆ. ಇನ್ನೊಂದೆಡೆ, ಕಂಬವೇ ಇಲ್ಲದೆ ಒಂಬತ್ತಿಂಚಿನ ಗೋಡೆಗಳ ಮೇಲೆ ನಿಂತ ಹಳೆಯ ಮನೆಯಲ್ಲಿ ಹಾಲ್ ದೊಡ್ಡದಾಗಲೆಂದು, ವಾಸ್ತು ಹೇಳಿತೆಂದು ನಡುಗೋಡೆಯನ್ನೇ ಕೆಡವಿಸುತ್ತಾರೆ. ವಾಸ್ತುವಿಗಾಗಿ ಬಾಗಿಲು ತಿರುಗಿಸುವವರು ಆ ಗೋಡೆ ಏನನ್ನು ಹೊತ್ತಿದೆ ಎಂಬುದನ್ನೂ ಯಾರಿಂದಾದರೂ ಕೇಳಿ ತಿಳಿಯಬೇಡವೇ?

ಏನಾಗಿದೆ ಎಂದು ಕೇಳುವವರು ಇವುಗಳನ್ನು ನೆನೆಯಲಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೊ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿದ್ದ ಹಳೆಯ ಕಟ್ಟಡ ನೆಲಕ್ಕೆ ಬಿತ್ತು. ಅದು ಬೀಳುವ ಮೊದಲೇ ಅವರು ಹೊರಬಂದಿದ್ದರಿಂದ ಉಳಿದರು. ಮುಂದಿನ ತಿಂಗಳು ಕಸ್ತೂರಿ ನಗರದಲ್ಲಿ ಕಟ್ಟಿ ಹತ್ತು ವರ್ಷವೂ ಆಗಿರದ ಅಪಾರ್ಟ್‌ಮೆಂಟ್ ಕುಸಿಯಿತು. ಅಲ್ಲಿಯೂ ನಿವಾಸಿಗಳು ಸಕಾಲಕ್ಕೆ ಹೊರಬಂದಿದ್ದರು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದ ಕಾರ್ಮಿಕರಿಗೆ ಆ ಅವಕಾಶ ಸಿಗಲಿಲ್ಲ. ಅನುಮತಿ ಮೀರಿ ಏರಿಸುತ್ತಿದ್ದ ಆ ಕಟ್ಟಡದಡಿ 9 ಜನ ಪ್ರಾಣ ಬಿಟ್ಟರು. ದೂರದ ಊರುಗಳಿಂದ ದುಡಿಯಲು ಬಂದವರು ಅವರು. ಮಹಡಿ ಏರಿಸುವ ತೀರ್ಮಾನದಲ್ಲಿ ಅವರ ಮಾತನ್ನು ಕೇಳಿದವರಿಲ್ಲ, ಅದರ ಬಾಡಿಗೆಯಲ್ಲಿ ಅವರಿಗೆ ಪಾಲೂ ಇರಲಿಲ್ಲ.

ನಕ್ಷೆ ಮೀರಿದರೆ ಮುಂದೊಂದು ದಿನ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳೋಣ ಎಂಬ ಭರವಸೆ ದಶಕಗಳಿಂದ ನಮ್ಮ ನಗರಗಳನ್ನು ಕಟ್ಟಿದೆ. ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಆದೇಶಿಸಿತು. ಸಾಲ ಮಾಡಿ ಮನೆ ಮುಗಿಸಿದವರು ತಾತ್ಕಾಲಿಕ ಮೀಟರಿನ ದುಬಾರಿ ದರ ಕಟ್ಟುತ್ತಾ ಕಚೇರಿಯಿಂದ ಕಚೇರಿಗೆ ಅಲೆದರು. ಸರ್ಕಾರ ಸಣ್ಣ ನಿವೇಶನದವರಿಗೆ ವಿನಾಯಿತಿ ಕೊಡಲು ಮುಂದಾಗಬೇಕಾಯಿತು. ಕಷ್ಟಪಟ್ಟವರ ಬಗ್ಗೆ ನನಗೆ ಮರುಕವಿದೆ. ಆದರೆ ಗಾಳಿ ಬೆಳಕಿಗೆ ಬಿಡಬೇಕಾದ ಮೂರಡಿಯನ್ನು ನುಂಗಿ ಪಕ್ಕದ ಮನೆಯ ಕಿಟಕಿಗೆ ಗೋಡೆ ಒತ್ತಿ ನಿಲ್ಲಿಸಿದವರು ಕಾನೂನಿನ ಕ್ರೌರ್ಯದ ಬಗ್ಗೆ ಮಾತಾಡುವಾಗ ನನಗೆ ಸಿಟ್ಟು ಬರುತ್ತದೆ.

ಆ ಮೂರಡಿ ನುಂಗಿದ್ದರ ಫಲ ಬಚ್ಚಲಿನಲ್ಲಿಯೂ ಕಾಣುತ್ತದೆ. ಪಕ್ಕದ ಗೋಡೆ ಬಂದು ವೆಂಟಿಲೇಟರು ಮುಚ್ಚಿತು, ಇಲ್ಲವೇ ಸೊಳ್ಳೆ ಬರುತ್ತದೆಂದು ನಾವೇ ಮುಚ್ಚಿದೆವು. ಅದರೊಳಗೆ ಗ್ಯಾಸ್ ಗೀಸರು. ಸಾಕಷ್ಟು ಗಾಳಿಯಿಲ್ಲದೆ ಉರಿದ ಅನಿಲ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಬಾರಿ ಬಂದಿದೆ! ಓದಿ, ಅಯ್ಯೋ ಪಾಪ ಎಂದು, ಪುಟ ತಿರುಗಿಸಿ ಅದೇ ಬಚ್ಚಲಿಗೆ ಮಕ್ಕಳನ್ನು ಸ್ನಾನಕ್ಕೆ ಕಳಿಸುತ್ತೇವೆ. ಗೀಸರು ಇವತ್ತೇ ಹೊರಗೆ ಬರಬೇಕು.

ವಿದ್ಯುತ್ತಿನ ಕೆಲಸದಲ್ಲೂ ಹೀಗೆಯೇ. ಹೊಸ ಎಸಿ, ಹೊಸ ಓವನ್ನು, ಇಂಡಕ್ಷನ್ ಒಲೆ ಬಂದವು, ಗೋಡೆಯೊಳಗಿನ ವೈರು ಮೂವತ್ತು ವರ್ಷದ ಹಿಂದಿನದೇ. ಎಂಸಿಬಿ ಪದೇ ಪದೇ ಬೀಳುತ್ತದೆಂದು ಇನ್ನೂ ದೊಡ್ಡದನ್ನು ಹಾಕಿಸಿದರೆ ವೈರು ಬೆಂದರೂ ಅದು ಬೀಳುವುದಿಲ್ಲ. ಅಪಾಯವಿದೆ ಎಂದು ಕೂಗುತ್ತಿದ್ದವನ ಬಾಯಿ ಮುಚ್ಚಿಸಿದಂತಾಯಿತು. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿದು ಜೀವ ಉಳಿಸುವ ಸಾಧನ ಮಳೆಗಾಲದಲ್ಲಿ ತಂಟೆ ಮಾಡುತ್ತದೆಂದು ಅದನ್ನೇ ತಪ್ಪಿಸಿ ತಂತಿ ಎಳೆಸಿದವರಿದ್ದಾರೆ. ಮಳೆಗಾಲದಲ್ಲಿ ಅದು ಬೀಳುತ್ತಿದ್ದುದೇ ಗೋಡೆ ಒದ್ದೆಯಾಗಿದ್ದರಿಂದ.

ಮಳೆನೀರಿನ ಮಾತೂ ಹೇಳಲೇಬೇಕು. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯ: ಹೊಸ ಮನೆಗೆ 30–40ರ ನಿವೇಶನದಿಂದಲೇ, ಹಳೆಯದಕ್ಕೆ 40–60ರಿಂದ. ಇಲ್ಲಿ ವರ್ಷಕ್ಕೆ ಬೀಳುವ ಸುಮಾರು 970 ಮಿಲಿಮೀಟರ್ ಮಳೆಯಲ್ಲಿ ಹನ್ನೆರಡು ಚದರದ ತಾರಸಿಯ ಮೇಲೆ ಒಂದು ಲಕ್ಷ ಲೀಟರಿನಷ್ಟು ನೀರು ಸುರಿಯುತ್ತದೆ. ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯನ್ನು 1990ರ ದಶಕದ ನಡುವಿನಿಂದ ಮಳೆನೀರಿನಲ್ಲೇ ನಡೆಸಿ ತೋರಿಸಿದ್ದಾರೆ, ಜಲಮಂಡಳಿಯ ನಲ್ಲಿಯೇ ಇಲ್ಲದೆ. ಆದರೂ ನಲವತ್ತು ಲಕ್ಷದ ನವೀಕರಣ ಮಾಡಿಸಿ, ಮಳೆನೀರಿನ ತೊಟ್ಟಿ ದುಬಾರಿ ಎಂದು, ತಿಂಗಳು ತಿಂಗಳೂ ನೀರಿನ ಬಿಲ್ಲಿನ ಜೊತೆ ದಂಡ ಕಟ್ಟಿಕೊಂಡಿರುವ ಮನೆಗಳಿವೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡಿದವರಲ್ಲಿ ಅವರೂ ಇದ್ದರು. ಅಂಗಳಕ್ಕೆಲ್ಲ ಗ್ರಾನೈಟ್ ಹಾಸಿ ಹನಿ ನೀರೂ ಇಂಗದಂತೆ ಮಾಡಿದ್ದೂ ಅದೇ ನವೀಕರಣದಲ್ಲಿ.

ಇನ್ನು ಬಾಡಿಗೆ ಮನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಪಡೆದು, ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿಯಿದೆ. ಹೋಗುವವರು ಆ ಮಲಗುವ ಕೋಣೆಯ ತೇವದ ಬಗ್ಗೆ ಎರಡು ವರ್ಷ ಹೇಳಿರುತ್ತಾರೆ. ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ ಅಂಕಲ್, ಗೋಡೆಯಲ್ಲಿ ಬೂಷ್ಟು ಕಟ್ಟುತ್ತಿದೆ ಎಂದು ಅಂಗಲಾಚಿರುತ್ತಾರೆ. ನೋಡೋಣ, ಮಳೆ ನಿಲ್ಲಲಿ ಎಂಬ ಉತ್ತರ ಸಿಕ್ಕಿರುತ್ತದೆ. ಅವರದೇ ದುಡ್ಡಿನಲ್ಲಿ ಬೂಷ್ಟಿನ ಮೇಲೆ ಪುಟ್ಟಿ ಎಳೆಸಿ, ಬಿಳಿ ಬಣ್ಣ ಹೊಡೆಸಿ, ಫ್ಯಾನು ಹಾಕಿ ಒಣಗಿಸಿ, ಮುಂದಿನವರಿಗೆ ‘ಹೊಸ ಪೇಂಟಿಂಗ್’ ಎಂದು ತೋರಿಸುವುದು ಮೋಸ. ಬೇರೆ ಹೆಸರು ಅದಕ್ಕೆ ಬೇಡ. ಆ ಮನೆಯ ಒಡೆಯರು ಹೊಸಬರಿಂದ ಅಡ್ವಾನ್ಸು ಕೈಗೆ ತೆಗೆದುಕೊಳ್ಳುವ ಮೊದಲು ಪ್ಲಂಬರನ್ನು ಕರೆಸಲಿ, ಗೋಡೆ ಒಡೆಸಿ ಪೈಪು ಬದಲಿಸಲಿ, ಒಂದು ತಿಂಗಳು ಮನೆ ಖಾಲಿ ಬಿಟ್ಟು ಗೋಡೆ ಒಣಗಲು ಬಿಡಲಿ. ಆ ಒಂದು ತಿಂಗಳ ಬಾಡಿಗೆ ಹೋದರೆ ಹೋಗಲಿ. ಹಿಂದಿದ್ದವರಿಂದ ಅದನ್ನು ಆಗಲೇ ವಸೂಲು ಮಾಡಿದ್ದಾಗಿದೆ.